ಲಿವರಿಗೆ ಬಂದ ಎರಡು ಸ್ಟಾರ್

ನಮ್ಮ ಬೀದಿಯ ಶಾಲಾ ಬಸ್ಸಿನ ಡ್ರೈವರಿಗೆ ಒಂದು ಜೊತೆ ಬಿಳಿ ಶೂ ಇತ್ತು. ಕೊಂಡು ನಾಲ್ಕು ವರ್ಷವಾಗಿತ್ತು. ದಿನಾ ಬೆಳಗ್ಗೆ ಐದೂವರೆಗೆ ಅದನ್ನು ಹಾಕಿಕೊಂಡು ವಾಕಿಂಗಿಗೆ ಹೊರಟು ಏಳಕ್ಕೆ ವಾಪಸ್ ಬರುತ್ತಿದ್ದರು. ಆದರೂ ಶೂ ಆಗತಾನೇ ಡಬ್ಬಿಯಿಂದ ತೆಗೆದ ಹಾಗಿತ್ತು. "ಶಿಸ್ತು ಅಂದ್ರೆ ಹೀಗಿರಬೇಕು ನೋಡಿ" ಎಂದು ಬೀದಿಯವರು ಹೊಗಳಿ, ಅವರಿಗೆ ಬಿಳಿಶೂ ಎಂದೇ ಹೆಸರಿಟ್ಟಿದ್ದರು. ದಿನಾ ಒಂದೂವರೆ ಗಂಟೆ ನಡೆಯುವವರ ಶೂ ನಾಲ್ಕು ವರ್ಷ ಹೇಗೆ ಬೆಳ್ಳಗಿರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮೆಚ್ಚಿಕೊಳ್ಳುವ ಅವಸರದಲ್ಲಿರುವ ಜನರಿಗೆ ಯೋಚನೆ ಮಾಡಲು ಪುರುಸೊತ್ತಿರುವುದಿಲ್ಲ.

ವಿಷಯ ಇಷ್ಟೇ. ಶೂ ಕೊಂಡ ಮೊದಲ ದಿನ ಡ್ರೈವರು ನಿಜವಾಗಿಯೂ ನಡೆಯಲೆಂದೇ ಹೊರಟಿದ್ದರು. ಬೀದಿಯ ತುದಿ ತಲುಪಿದಾಗ ಶಾಲೆಯ ಶೆಡ್ಡು ಕಂಡಿತು. ಶೆಡ್ಡಿನಲ್ಲಿ ಬಸ್ಸು ಕಂಡಿತು. ಜೇಬಿನಲ್ಲಿ ಬಸ್ಸಿನ ಕೀ ಇತ್ತು. ಬಸ್ಸಿನ ಕೊನೆಯ ಸೀಟು ಐದು ಮಕ್ಕಳು ಕೂರುವಷ್ಟು ಉದ್ದ. ದೊಡ್ಡವರು ಮಲಗಿದರೆ ಒಬ್ಬರಿಗೆ ಸರಿಯಾಗುತ್ತದೆ. ಐದು ನಿಮಿಷ ಒರಗೋಣ ಎಂದು ಒರಗಿದವರು ಏಳುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ ಎಂದು ಬಾಟಲಿಯ ನೀರನ್ನು ಶರ್ಟಿನ ಬೆನ್ನಿಗೆ ಚಿಮುಕಿಸಿಕೊಂಡು, ಮನೆ ಬಾಗಿಲ ಬಳಿ ನಾಲ್ಕು ಸಲ ಜೋರಾಗಿ ಉಸಿರು ಬಿಟ್ಟರು. ಹೆಂಡತಿ ಟವೆಲ್ ತಂದುಕೊಟ್ಟರು. ಅಂದಿನಿಂದ ಅದೇ ರೂಢಿಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಚೆನ್ನಾಗಿ ನಿದ್ದೆ ಮಾಡಿದ ಮನುಷ್ಯನಿಗೆ ಉಪದೇಶ ಮಾಡುವ ಹುರುಪು ಬರುತ್ತದೆ. ಡ್ರೈವರು ಕಂಡಕಂಡವರಿಗೆಲ್ಲ ಆರೋಗ್ಯದ ಪಾಠ ಹೇಳತೊಡಗಿದರು. ಅದರಲ್ಲೂ ಹೆಂಡತಿಯ ತಮ್ಮ ಸಿಕ್ಕರೆ ಬಿಡುತ್ತಿರಲಿಲ್ಲ. ಅವನು ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು, ಸ್ವಲ್ಪ ದಪ್ಪ.

"ನಿನ್ನ ಹೊಟ್ಟೆ ನಿನಗಿಂತ ಮುಂಚೆ ನಮ್ಮನೆ ಬಾಗಿಲಿಗೆ ಬರುತ್ತಲ್ಲೋ" ಎನ್ನುತ್ತಿದ್ದರು. "ನನ್ನ ನೋಡು. ಬೆಳಗ್ಗೆ ಐದೂವರೆ ಅಂದ್ರೆ ಐದೂವರೆ."

"ಸರಿ ಭಾವ" ಎಂದು ಅವನು ಊಟದ ತಟ್ಟೆ ನೋಡುತ್ತಾ ಹೇಳುತ್ತಿದ್ದ. ಇಂಥ "ಸರಿ ಭಾವ"ಗಳು ನಾಲ್ಕು ವರ್ಷದಲ್ಲಿ ಬೇಕಾದಷ್ಟು ಕೂಡಿಬಿದ್ದಿದ್ದವು.

ಹೀಗಿರುವಾಗ ಶಾಲೆಯ ಮ್ಯಾನೇಜರ್ ಮೇಡಂ ಒಂದು ಸೋಮವಾರ ಡ್ರೈವರುಗಳನ್ನು ಕರೆದು, "ಗುರುವಾರ ಎಲ್ಲರಿಗೂ ರಕ್ತ ಪರೀಕ್ಷೆ. ಆರೋಗ್ಯ ಸರಿ ಇದ್ದವರಿಗೆ ಮಾತ್ರ ಬಸ್ಸಿನ ಕೀ" ಎಂದರು.

ಉಳಿದ ಡ್ರೈವರುಗಳು ತಲೆಯಾಡಿಸಿ ಹೋದರು. ನಮ್ಮ ಡ್ರೈವರು ಮಾತ್ರ ಅಲ್ಲೇ ನಿಂತು ಲೆಕ್ಕ ಹಾಕಿದರು. ನಾಲ್ಕು ವರ್ಷದಿಂದ ಕಸರತ್ತು ಮಾಡಿದ್ದೇನೆಂದು ಸಾರಿದ್ದಾರೆ. ರಕ್ತದಲ್ಲಿ ಅದರ ಗುರುತು ಇಲ್ಲದಿದ್ದರೆ? ಇವರು ಶಾಲೆಯಲ್ಲಿ ಓದುವಾಗಲೂ ಪರೀಕ್ಷೆಯ ಹಿಂದಿನ ಎರಡು ದಿನ ಓದಿಯೇ ಪಾಸಾಗುತ್ತಿದ್ದವರು. ಈಗಲೂ ಹಾಗೆಯೇ ಮಾಡುವುದೆಂದು ನಿರ್ಧರಿಸಿದರು. ಮಂಗಳವಾರ ಸಂಜೆ ಮಕ್ಕಳನ್ನು ಇಳಿಸಿ ಬಂದು, ಶೆಡ್ಡಿನಲ್ಲಿ ಬಸ್ಸಿನ ಬಾಗಿಲು ಹಾಕಿಕೊಂಡು, ಎರಡು ಕಡೆಯ ಸೀಟಿನ ಕಂಬಿ ಹಿಡಿದು ಇನ್ನೂರು ಬಸ್ಕಿ ಹೊಡೆದರು. ಬುಧವಾರ ಕಾಲು ಬೇಡವೆಂದಿತು. ಅದರ ಮಾತು ಕೇಳದೆ ಇನ್ನೂ ನೂರೈವತ್ತು ಹೊಡೆದರು. ಶೆಡ್ಡಿನ ವಾಚ್‌ಮನ್ ಆ ಎರಡೂ ಸಂಜೆ, ಎಂಜಿನ್ ಆಫ್ ಆಗಿದ್ದ ಬಸ್ಸು ತಾನಾಗಿ ಮೇಲೆ ಕೆಳಗೆ ಅಲ್ಲಾಡುತ್ತಿರುವುದನ್ನು ದೂರದಿಂದ ನೋಡಿ, ಕುರ್ಚಿಯನ್ನು ಇನ್ನೂ ಸ್ವಲ್ಪ ದೂರಕ್ಕೆ ಎಳೆದುಕೊಂಡ.

ಗುರುವಾರ ಡ್ರೈವರು ಗೋಡೆ ಹಿಡಿದು ನಡೆಯುತ್ತಾ ಹೋಗಿ ರಕ್ತ ಕೊಟ್ಟರು.

ಶುಕ್ರವಾರ ಮಧ್ಯಾಹ್ನ ರಿಪೋರ್ಟು ಕೈಗೆ ಬಂತು. ಅದರಲ್ಲಿ ಮೂರು ಕಾಲಂ. ಮೊದಲನೆಯದರಲ್ಲಿ ಪರೀಕ್ಷೆಯ ಹೆಸರು, ಎರಡನೆಯದರಲ್ಲಿ ಇವರ ಅಂಕಿ, ಮೂರನೆಯದರಲ್ಲಿ ಇರಬೇಕಾದ ಅಂಕಿ. ಹಿಮೋಗ್ಲೋಬಿನ್, ಸಕ್ಕರೆ, ಎಲ್ಲ ಸುಮಾರು. ಆಮೇಲೆ ಲಿವರ್ ಎಂದು ಬರೆದಲ್ಲಿ ಎಸ್‌ಜಿಓಟಿ ಎಂಬುದೊಂದು, ಎಸ್‌ಜಿಪಿಟಿ ಎಂಬುದೊಂದು. ಎರಡರ ಎದುರಿಗೂ ಮೂರನೇ ಕಾಲಮ್ಮಿನಲ್ಲಿ ನಲವತ್ತು. ಇವರಿಗೆ ಬಂದದ್ದು ಒಂದರಲ್ಲಿ ನೂರ ಅರವತ್ತೆಂಟು, ಇನ್ನೊಂದರಲ್ಲಿ ಎಂಬತ್ತನಾಲ್ಕು. ಎರಡರ ಪಕ್ಕದಲ್ಲೂ ಒಂದೊಂದು ಸ್ಟಾರ್.

ಡ್ರೈವರು ರಿಪೋರ್ಟನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ದಿನಾ ಬಸ್ಸಿನಲ್ಲಿ ಮಕ್ಕಳು ನೋಟ್ ಪುಸ್ತಕ ತೆರೆದು, "ಡ್ರೈವರ್ ಮಾಮ, ನಂಗೆ ಸ್ಟಾರ್ ಬಂದಿದೆ" ಎಂದು ತೋರಿಸುವುದನ್ನು ಕಂಡವರು ಅವರು. ಪಾಸಿಗೆ ನಲವತ್ತು ಸಾಕಾಗಿದ್ದಲ್ಲಿ ನೂರ ಅರವತ್ತೆಂಟು! ಎರಡು ಸಂಜೆಯ ಓದಿಗೆ ಇಷ್ಟು ಫಲವೆಂದು ಅವರು ಕನಸಲ್ಲೂ ಎಣಿಸಿರಲಿಲ್ಲ. ಸಕ್ಕರೆಗೆ ಸ್ಟಾರ್ ಬಾರದೇ ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು.

ಸಂಜೆ ಬೀದಿಗೆ ಬಂದು ಮೊದಲು ತೋರಿಸಿದ್ದು ಔಷಧಿ ಅಂಗಡಿಯವರಿಗೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಲಿವರಿನ ಅಂಕಿ ಇಷ್ಟು ಏರಿದ್ದನ್ನು ಅವರು ಕುಡುಕರ ರಿಪೋರ್ಟಿನಲ್ಲಷ್ಟೇ ಕಂಡಿದ್ದರು. ಆಮೇಲೆ ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳಿಗೆ ಕೇಳಬಾರದೆಂದು ದನಿ ತಗ್ಗಿಸಿದರು. ಗಿರಾಕಿಗಳು ಹತ್ತಿರ ಬಂದರು.

"ಎಷ್ಟು ದಿನದಿಂದ ಇದು?"

"ನಾಲ್ಕು ವರ್ಷ ಆಯ್ತು" ಎಂದರು ಡ್ರೈವರು.

"ಯಾವಾಗಲಾದರೂ ಒಮ್ಮೆನಾ?"

"ಒಮ್ಮೊಮ್ಮೆ ಮಾಡಿದ್ರೆ ಏನು ಬಂತು? ದಿನಾ. ಬೆಳಗ್ಗೆ ಐದೂವರೆಗೆ."

"ಬೆಳಗ್ಗೆನೇ?"

"ಬೆಳಗ್ಗೆನೇ ಒಳ್ಳೇದು. ಖಾಲಿ ಹೊಟ್ಟೇಲಿ."

ಔಷಧಿ ಅಂಗಡಿಯವರು ಕೌಂಟರ್ ಹಿಡಿದುಕೊಂಡರು. "ಮನೆಯವರಿಗೆ ಗೊತ್ತಾ?"

"ಗೊತ್ತಿಲ್ಲದೆ? ಬಂದ ತಕ್ಷಣ ಟವೆಲ್ ಕೊಡೋದೇ ಅವಳು. ಮೊದಮೊದಲು ತಲೆ ಸುತ್ತುತ್ತೆ, ಕಾಲು ಎಳೆಯುತ್ತೆ. ಆಮೇಲೆ ಅದಿಲ್ದೆ ಇರೋಕೇ ಆಗಲ್ಲ. ನೀವೂ ಶುರು ಮಾಡಿ."

ಇಷ್ಟು ಹೇಳಿ, ಇನ್ನೂ ನೋಯುತ್ತಿದ್ದ ತೊಡೆಗಳನ್ನು ಹೊತ್ತುಕೊಂಡು ಡ್ರೈವರು ಅಂಗಡಿಯ ಮೆಟ್ಟಿಲಿಳಿದರು. ಇಳಿಯುವಾಗ ಒಮ್ಮೆ ಎಡಕ್ಕೆ ವಾಲಿ ಕಂಬ ಹಿಡಿದರು, ಒಮ್ಮೆ ಬಲಕ್ಕೆ ವಾಲಿ ಯಾರದೋ ಸ್ಕೂಟರ್ ಹಿಡಿದರು. ಗಿರಾಕಿಗಳಿಬ್ಬರೂ ಅದನ್ನು ಕಣ್ಣಾರೆ ಕಂಡರು.

ರಿಪೋರ್ಟನ್ನು ಅವರು ಅಂದು ಸಂಜೆ ಹನ್ನೊಂದು ಮನೆಗಳಲ್ಲಿ ತೋರಿಸಿದರು. ಬೇರೆಯವರ ಗುಟ್ಟು ಬೀದಿಗೆ ಹರಡಲು ಒಂದು ದಿನವಾದರೂ ಬೇಕು. ಇವರದು ಇವರೇ ಮನೆಮನೆಗೆ ಹೊತ್ತು ಮುಟ್ಟಿಸಿದ್ದರಿಂದ ಕತ್ತಲಾಗುವಷ್ಟರಲ್ಲಿ ಕೆಲಸ ಮುಗಿದಿತ್ತು.

ಸುದ್ದಿ ಶಾಲೆಗೂ ಮುಟ್ಟಿ, ಶನಿವಾರ ಬೆಳಗ್ಗೆ ಮ್ಯಾನೇಜರ್ ಮೇಡಂ ಕರೆದರು. ಮೇಜಿನ ಆಚೆಗೆ ಅವರು, ಈಚೆಗೆ ವಾಚ್‌ಮನ್.

"ನೀನು ನೋಡಿದ್ದು ಹೇಳಪ್ಪ" ಎಂದರು ಮೇಡಂ.

"ಹೇಳಬಾರದು ಅಂತಿದ್ದೆ" ಎಂದು ವಾಚ್‌ಮನ್ ಉತ್ಸಾಹದಿಂದ ಶುರುಮಾಡಿದ. "ಅಣ್ಣ ಒಳ್ಳೆಯವರು. ಆದ್ರೆ ದಿನಾ ಬೆಳಗ್ಗೆ ಬಸ್ಸಿನ ಹಿಂದಿನ ಸೀಟಲ್ಲಿ ಎಚ್ಚರ ಇಲ್ದೆ ಬಿದ್ದಿರ್ತಾರೆ ಮೇಡಂ. ಎದ್ದ ಮೇಲೆ ಒಂದು ಬಾಟಲಿ ತೆಗೀತಾರೆ. ಅರ್ಧ ಮೈಮೇಲೆ ಚೆಲ್ಲಿಕೊಳ್ತಾರೆ. ಮೊನ್ನೆ ಎರಡು ಸಂಜೆ ಒಳಗಿಂದ 'ಅಯ್ಯೋ, ಅಮ್ಮಾ' ಅಂತ ಸದ್ದು, ಬಸ್ಸೇ ತೂರಾಡ್ತಿತ್ತು."

ಸಾಕ್ಷಿಯಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನಿಜವನ್ನೇ ಹೇಳಿ ಒಬ್ಬನನ್ನು ಮುಳುಗಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

"ಮೇಡಂ, ನಾನು ಒಂದು ಹನಿ ಮುಟ್ಟಿದವನಲ್ಲ" ಎಂದರು ಡ್ರೈವರು.

"ಹಾಗಾದ್ರೆ ಬಸ್ಸಲ್ಲಿ ಯಾಕೆ ಬಿದ್ದಿದ್ರಿ?"

ನಿದ್ದೆ ಮಾಡುತ್ತಿದ್ದೆ ಎಂದರೆ ನಾಲ್ಕು ವರ್ಷದ ವಾಕಿಂಗ್ ಹೋಗುತ್ತದೆ. ಅನ್ನದಿದ್ದರೆ ಬಸ್ಸು ಹೋಗುತ್ತದೆ. ಡ್ರೈವರು ಒಂದು ನಿಮಿಷ ಎರಡನ್ನೂ ತೂಗಿ, "ವಾಕಿಂಗ್ ಆದಮೇಲೆ ಸ್ವಲ್ಪ ಸುಸ್ತಾಗುತ್ತೆ ಮೇಡಂ" ಎಂದರು.

ಮೇಡಂ ಕೈ ಚಾಚಿದರು. "ಕೀ ಕೊಡಿ. ಡಾಕ್ಟರ ಕಾಗದ ತಂದ ದಿನ ವಾಪಸ್. ಮೂವತ್ತೆರಡು ಮಕ್ಕಳು ಆ ಬಸ್ಸಲ್ಲಿ ಕೂರ್ತಾವೆ."

ಹನ್ನೆರಡು ವರ್ಷದಿಂದ ಜೇಬಿನಲ್ಲಿ ಕೂತು ಪ್ಯಾಂಟಿನ ಮೇಲೆ ತನ್ನ ಆಕಾರ ಮೂಡಿಸಿದ್ದ ಕೀ ಮೇಜಿನ ಮೇಲೆ ಬಂತು. ಸೋಮವಾರ ಬದಲಿ ಡ್ರೈವರು ಬಸ್ಸು ತೆಗೆದುಕೊಂಡು ಹೋದರು. ಯಾವ ಮಗು ಎರಡು ಸಲ ಹಾರ್ನ್ ಮಾಡಿದರೆ ಹೊರಗೆ ಬರುತ್ತದೆ, ಯಾವ ಮಗು ಒಂದು ಸಲಕ್ಕೇ ಅಳುತ್ತದೆ ಎಂದು ಆತನಿಗೆ ಗೊತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಹಾರ್ನ್ ಮೂರು ಸಲ ಕೇಳಿಸಿದಾಗ ನಮ್ಮ ಡ್ರೈವರು ಮನೆಯ ಕಿಟಕಿ ಮುಚ್ಚಿದರು.

ಮನೆಗೆ ಸಂತಾಪ ಸೂಚಿಸುವವರು ಬರತೊಡಗಿದರು. ಔಷಧಿ ಅಂಗಡಿಯವರು ಬಂದು, ಕುಡಿತ ಬಿಟ್ಟವರೊಬ್ಬರ ವಿಳಾಸ ಕೊಟ್ಟುಹೋದರು. ಎದುರು ಮನೆಯ ಅಜ್ಜಿ ಬಂದು, "ಹೋಗಲಿ ಬಿಡಮ್ಮ, ಬೈಯೋದಿಲ್ಲ ಹೊಡೆಯೋದಿಲ್ಲ, ಕುಡಿದು ಸುಮ್ನೆ ಮಲಗ್ತಾನಂತಲ್ಲ" ಎಂದು ಸಮಾಧಾನ ಹೇಳಿದರು. ಹೆಂಡತಿ ಎಲ್ಲರಿಗೂ ಕುರ್ಚಿ ಹಾಕಿದರು, ನೀರು ಕೊಟ್ಟರು. ಗಂಡನೊಂದಿಗೆ ಮಾತ್ರ ಮಾತು ಬಿಟ್ಟರು.

ಸಂಜೆ ಟೈರ್ ಅಂಗಡಿಯ ತಮ್ಮ ಬಂದ. ಮುಖದಲ್ಲಿ ದುಃಖವಿತ್ತು. ಆದರೆ ಎರಡು ತಟ್ಟೆ ಊಟ ಮಾಡಿದ.

"ಭಾವ, ನನ್ನ ಹೊಟ್ಟೆ ನನಗಿಂತ ಮುಂಚೆ ಬಂದ್ರೂ ನೆಟ್ಟಗೆ ಬರುತ್ತೆ" ಎಂದ. "ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ. ನಾನೂ ಬರ್ತೀನಿ. ನಿಮ್ಮನ್ನ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಡಾಕ್ಟರಮ್ಮ ಐವತ್ತೈದು ದಾಟಿದವರು. ರೋಗಿಗಳ ಮಾತನ್ನು ಅರ್ಧ ನಂಬಿ, ಉಳಿದರ್ಧವನ್ನು ರಿಪೋರ್ಟಿನಲ್ಲಿ ಹುಡುಕುವುದು ಅವರ ಪದ್ಧತಿ. ಎದುರು ಕುರ್ಚಿಯಲ್ಲಿ ಡ್ರೈವರು ಎರಡೂ ಕೈ ಊರಿಕೊಂಡು ನಿಧಾನವಾಗಿ ಕೂತರು. ಪಕ್ಕದಲ್ಲಿ ಹೆಂಡತಿ. ಹಿಂದೆ ಬಾಗಿಲಿಗೆ ಅಡ್ಡವಾಗಿ ತಮ್ಮ.

"ಕುಡೀತೀರಾ?"

"ಇಲ್ಲ."

ಹಿಂದಿನಿಂದ ಒಂದು ಕೆಮ್ಮು ಬಂತು.

"ನೋವಿನ ಮಾತ್ರೆ, ಬೇರು-ಕಷಾಯ, ಶಕ್ತಿಯ ಪುಡಿ, ಏನಾದ್ರೂ?"

"ಏನೂ ಇಲ್ಲ."

"ಮೈಗೆ ರೂಢಿ ಇಲ್ಲದ ಕೆಲಸ ಏನಾದ್ರೂ ಮಾಡಿದ್ರಾ ಆ ವಾರ? ಭಾರ ಎತ್ತೋದು, ಕಸರತ್ತು?"

ತಪ್ಪಿಸಿಕೊಳ್ಳುವ ಬಾಗಿಲು ಇಲ್ಲಿಯೇ ತೆರೆದಿತ್ತು. ಡ್ರೈವರು ಅದನ್ನು ತಾವೇ ಮುಚ್ಚಿದರು.

"ರೂಢಿ ಇಲ್ಲದ್ದಾ? ಡಾಕ್ಟರಮ್ಮ, ನಾಲ್ಕು ವರ್ಷದಿಂದ ದಿನಾ ಒಂದೂವರೆ ಗಂಟೆ ಕಸರತ್ತು ಮಾಡೋ ಮೈ ಇದು."

"ಹಾಗಾದ್ರೆ ಅದಲ್ಲ" ಎಂದು ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ 'ಕಸರತ್ತು' ಎಂಬುದರ ಮೇಲೆ ಗೀಟು ಹಾಕಿದರು. "ಮೊದಲನೇದು ಎರಡನೇದರ ಎರಡರಷ್ಟಿದೆ. ಕುಡಿತದಲ್ಲಿ ಹೀಗೆ ಬರೋದುಂಟು. ಆದ್ರೆ ಕುಡಿಯೋರಿಗೆ ಸಾಮಾನ್ಯವಾಗಿ ಏರೋ ಇನ್ನೊಂದಿದೆ, ಅದು ನಿಮಗೆ ಸರಿಯಾಗೇ ಇದೆ. ನನಗೆ ಅರ್ಥ ಆಗ್ತಿಲ್ಲ. ಸ್ಕ್ಯಾನ್ ಮಾಡಿಸೋಣ. ಅಲ್ಲೀವರೆಗೆ ಬಸ್ ಬೇಡ."

ಪೆನ್ನು ಕಾಗದದ ಮೇಲೆ ಇಳಿಯಿತು. ಅಷ್ಟರಲ್ಲಿ ಹೆಂಡತಿ ಬಾಯಿ ತೆರೆದರು. ನಾಲ್ಕು ದಿನದಲ್ಲಿ ಅದೇ ಮೊದಲು.

"ರೀ. ನೀವು ನಡೆಯೋಕೆ ಹೋಗಲ್ಲ ಅಂತ ನನಗೆ ಮೊದಲ ತಿಂಗಳಲ್ಲೇ ಗೊತ್ತಾಯ್ತು. ನಿಮ್ಮ ಶರ್ಟ್ ಒಗೆಯೋಳು ನಾನು. ಬೆವರಿಗೂ ನಲ್ಲಿ ನೀರಿಗೂ ವ್ಯತ್ಯಾಸ ಗೊತ್ತಾಗಲ್ವಾ ನನಗೆ? ಎಲ್ಲೋ ಕೂತು ನಾಲ್ಕು ಜನರ ಹತ್ರ ಹರಟೆ ಹೊಡೀತಾರೆ, ಹೊಡೀಲಿ, ಅಂತ ಸುಮ್ನಿದ್ದೆ. ಈಗ ಹೇಳಿ. ಆ ಒಂದೂವರೆ ಗಂಟೆ ಏನು ಮಾಡ್ತೀರಿ?"

ಡ್ರೈವರು ಹೆಂಡತಿಯ ಮುಖ ನೋಡಿದರು. ಅದರಲ್ಲಿ ಕೋಪವಿದ್ದಿದ್ದರೆ ಅವರು ಇನ್ನೊಂದು ಸುಳ್ಳು ಹೇಳಿರುತ್ತಿದ್ದರು. ಹೆದರಿಕೆಯಿತ್ತು.

"ನಿದ್ದೆ" ಎಂದರು.

"ಏನು?"

"ನಿದ್ದೆ ಮಾಡ್ತೀನಿ ಕಣೆ. ಬಸ್ಸಿನ ಕೊನೇ ಸೀಟಲ್ಲಿ. ನಾಲ್ಕು ವರ್ಷದಿಂದ. ಬಾಟಲೀಲಿ ನೀರು. ರಕ್ತ ಪರೀಕ್ಷೆ ಅಂದಾಗ ಭಯ ಆಯ್ತು, ಎರಡು ದಿನ ಮುಂಚೆ ಮುನ್ನೂರೈವತ್ತು ಬಸ್ಕಿ ಹೊಡೆದೆ. ಇವತ್ತಿಗೂ ಪಾಯಖಾನೆಯಲ್ಲಿ ಕೂತ್ರೆ ಏಳೋಕಾಗ್ತಿಲ್ಲ."

ತಮ್ಮ ನಕ್ಕುಬಿಟ್ಟ. "ಡಾಕ್ಟ್ರೇ, ಕುಡಿಯೋರೆಲ್ಲ ಇಂಥ ಕಥೆ ಕಟ್ಟೋದೇ. ಭಾವ ಒಂದು ದಿನ ವಾಕಿಂಗ್ ತಪ್ಪಿಸಿದವರಲ್ಲ, ಇಡೀ ಬೀದಿ ಸಾಕ್ಷಿ. ಅವರಿಂದ ನಾನು ತಿಂದಿರೋ ಉಪದೇಶ ನನಗೆ ಗೊತ್ತು."

ಮನುಷ್ಯನ ಗತಿ ನೋಡಿ. ನಾಲ್ಕು ವರ್ಷ ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು. ಒಂದು ನಿಜ ಹೇಳಿದಾಗ ನಂಬಲು ಒಬ್ಬರಿಲ್ಲ. ಡ್ರೈವರು ಅಕ್ಕಪಕ್ಕ ನೋಡಿದರು. ಹೆಂಡತಿ ಗಂಡನ ಕಾಲಿನ ಬಿಳಿ ಶೂ ನೋಡುತ್ತಿದ್ದರು.

"ಶೂ ಬಿಚ್ಚಿ" ಎಂದರು.

"ಇಲ್ಲೇನಾ?"

"ಬಿಚ್ಚಿ ಅಂದೆ."

ಬಗ್ಗಲಾರದ ಡ್ರೈವರ ಕಾಲಿನಿಂದ ಹೆಂಡತಿಯೇ ಒಂದು ಶೂ ಎಳೆದು, ಅಡಿ ಮೇಲಾಗಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟರು. ಬಿ.ಪಿ. ಯಂತ್ರದ ಪಕ್ಕದಲ್ಲಿ ಅದು ಬೆಳ್ಳಗೆ ಹೊಳೆಯಿತು. ಆಮೇಲೆ ತಮ್ಮನ ಕಡೆ ತಿರುಗಿ, "ನಿನ್ನ ಕೆಲಸ ಇದೇ ಅಲ್ವೇನೋ? ನೋಡಿ ಹೇಳು" ಎಂದರು.

ಟೈರ್ ಅಂಗಡಿಯಲ್ಲಿ ಹದಿನಾರು ವರ್ಷ ಕಳೆದವನು ಶೂ ಕೈಗೆತ್ತಿಕೊಂಡ. ಮೊದಲು ಅಸಡ್ಡೆಯಿಂದ ನೋಡಿದ. ನಂತರ ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳಿನ ಉಗುರನ್ನು ಅಡಿಯ ಗೆರೆಗಳಲ್ಲಿ ಓಡಿಸಿದ. ಹಿಮ್ಮಡಿ ಒತ್ತಿದ, ಅಂಚು ಸವರಿದ. ಮುಖದಿಂದ ನಗು ಹೋಗಿ, ಕೆಲಸಗಾರನ ಗಾಂಭೀರ್ಯ ಬಂತು. ಕೆಲಸದ ವಿಷಯದಲ್ಲಿ ಅವನು ಯಾರಿಗೂ ಸುಳ್ಳು ಹೇಳಿದವನಲ್ಲ.

"ಗೆರೆ ಒಂದೂ ಸವೆದಿಲ್ಲ" ಎಂದ. "ಹೊಸ ರಬ್ಬರಿನ ಮೇಲೆ ಕೂದಲಿನಂತೆ ಎದ್ದಿರುತ್ತಲ್ಲ, ಅದೂ ಹಾಗೇ ಇದೆ. ನಾಲ್ಕು ವರ್ಷಕ್ಕೆ ಇದು ಮನೆಯಿಂದ ಶೆಡ್ಡಿಗೆ, ಶೆಡ್ಡಿಂದ ಮನೆಗೆ, ಅಷ್ಟೇ ಓಡಿರೋದು." ಶೂವನ್ನು ಗೌರವದಿಂದ ಮೇಜಿನ ಮೇಲಿಟ್ಟ. "ಭಾವ, ಇದು ಓಡಿದ ಟೈರಲ್ಲ. ಸ್ಟೆಪ್ನಿ."

ಡಾಕ್ಟರಮ್ಮ ತಾವು ಹಾಕಿದ ಗೀಟನ್ನು ಹೊಡೆದುಹಾಕಿದರು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ಈ ಎರಡು ವಸ್ತು ಲಿವರಿನೊಳಗೆ ಮಾತ್ರ ಇರೋದಲ್ಲ, ಮಾಂಸಖಂಡದೊಳಗೂ ಇರುತ್ತೆ. ಲಿವರಿಗೆ ಪೆಟ್ಟಾದ್ರೆ ಅಲ್ಲಿಂದ ರಕ್ತಕ್ಕೆ ಸೋರುತ್ತೆ. ನಾಲ್ಕು ವರ್ಷ ಮಲಗಿದ್ದ ತೊಡೆಯಿಂದ ಮುನ್ನೂರೈವತ್ತು ಬಸ್ಕಿ ಹೊಡೆಸಿದ್ರೆ ಅಲ್ಲಿಂದಲೂ ಸೋರುತ್ತೆ. ಹೆಚ್ಚಾಗಿದೆ ಅಂತಷ್ಟೇ ಕಾಗದ ಹೇಳುತ್ತೆ. ಎಲ್ಲಿಂದ ಬಂತು ಅಂತ ಮನುಷ್ಯ ಹೇಳಬೇಕು."

"ಹಾಗಾದ್ರೆ ಸ್ಟಾರ್?" ಎಂದರು ಡ್ರೈವರು, ಕೊನೆಯ ಆಸೆಯಿಂದ.

"ತಪ್ಪಿದೆ ಅಂತ ಗುರುತು."

"ಇವರು ಹೇಳೋದು ನಿಜವೋ ಅಲ್ವೋ ಅಂತ ತಿಳಿಯೋಕೆ ಬೇರೆ ಪರೀಕ್ಷೆ ಇದ್ರೆ ಈಗಲೇ ಮಾಡಿ" ಎಂದರು ಹೆಂಡತಿ. "ಶೂ ನೋಡಿ ನಡೆದಿಲ್ಲ ಅಂತ ಗೊತ್ತಾಯ್ತು. ಕುಡಿದಿಲ್ಲ ಅಂತ ಗೊತ್ತಾಗಬೇಕಲ್ಲ."

ಮಾಂಸಖಂಡದ ಪೆಟ್ಟು ತೋರಿಸುವ ಪರೀಕ್ಷೆ ಬೇರೆ ಇತ್ತು. ರಕ್ತ ಕೊಟ್ಟು ಮೂವರೂ ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂತರು. ಡ್ರೈವರಿಗೆ ಬೆಂಚು ಕಂಡರೂ ನಿದ್ದೆ ಬರಲಿಲ್ಲ. ಇದು ಅವರ ಜೀವನದಲ್ಲಿ ಮೊದಲು.

ರಿಪೋರ್ಟು ಬಂತು. ನಾಲ್ಕು ಸಾವಿರದ ಇನ್ನೂರು.

"ಇರಬೇಕಾದ್ದು ಎಷ್ಟು?" ಎಂದು ಡ್ರೈವರು ಮೆಲ್ಲಗೆ ಕೇಳಿದರು.

"ಇನ್ನೂರು" ಎಂದರು ಡಾಕ್ಟರಮ್ಮ. ಈ ಸಲ ಡ್ರೈವರು ಹಿಗ್ಗಲಿಲ್ಲ. "ಸೋರಿರೋದು ತೊಡೆಯಿಂದಲೇ. ನೀರು ಚೆನ್ನಾಗಿ ಕುಡೀರಿ. ಮೂತ್ರ ಕಪ್ಪಾದ್ರೆ ತಕ್ಷಣ ಬನ್ನಿ. ಮೂರು ವಾರ ಯಾವ ಕಸರತ್ತೂ ಬೇಡ. ಅದು ನಿಮಗೆ ಕಷ್ಟ ಆಗಲಾರದು. ಆಮೇಲೆ ಮತ್ತೆ ನೋಡೋಣ. ಎರಡೂ ಇಳಿಯಲೇಬೇಕು, ಇಳಿಯದಿದ್ರೆ ಲಿವರನ್ನೇ ನೋಡ್ತೀನಿ."

ಹೆಂಡತಿ ಕೈಚೀಲದಿಂದ ನೀರಿನ ಬಾಟಲಿ ತೆಗೆದು ಗಂಡನ ಮುಂದೆ ಹಿಡಿದರು. "ಮೈಮೇಲೆ ಚೆಲ್ಲಿಕೊಳ್ಳೋಕಲ್ಲ" ಎಂದರು.

ಮೂರು ವಾರಕ್ಕೆ ಒಂದು ಮೂವತ್ತೊಂದಕ್ಕೆ ಇಳಿಯಿತು, ಇನ್ನೊಂದು ಇಪ್ಪತ್ತೆಂಟಕ್ಕೆ. ಸ್ಟಾರ್ ಇಲ್ಲ. ನಲವತ್ತಕ್ಕಿಂತ ಕಡಿಮೆ ಬಂದದ್ದಕ್ಕೆ ಡ್ರೈವರು ಸಂತೋಷಪಟ್ಟದ್ದು ಅದೇ ಮೊದಲು. ಡಾಕ್ಟರಮ್ಮ ಶಾಲೆಗೆ ಕಾಗದ ಬರೆದುಕೊಟ್ಟರು. ಮ್ಯಾನೇಜರ್ ಮೇಡಂ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು: "ಇವರು ಕುಡಿಯುವವರಲ್ಲ. ನಡೆಯುವವರೂ ಅಲ್ಲ. ಬಸ್ಸು ಓಡಿಸಬಹುದು."

ಕೀ ಜೇಬಿನ ತನ್ನ ಹಳೆಯ ಗುರುತಿನಲ್ಲಿ ಹೋಗಿ ಕೂತಿತು.

ಬೀದಿಯವರಿಗೆ ಮಾತ್ರ ಇದು ಸರಿಬರಲಿಲ್ಲ. ಕುಡುಕನೆಂದು ತಿಳಿದಾಗ ಎಷ್ಟು ಮರುಗಿದ್ದರೋ, ನಿದ್ದೆಗಾರನೆಂದು ತಿಳಿದಾಗ ಅಷ್ಟೇ ಸಿಟ್ಟಾದರು. ಔಷಧಿ ಅಂಗಡಿಯವರು, "ಕುಡಿತ ಆಗಿದ್ರೆ ಬಿಡಿಸಬಹುದಿತ್ತು. ನಿದ್ದೆಗೆ ನನ್ನ ಹತ್ರ ಇರೋದೆಲ್ಲ ಬರಿಸೋ ಮಾತ್ರೆಗಳೇ" ಎಂದು ಕೈಚೆಲ್ಲಿದರು.

ಮನೆಯಲ್ಲಿ ತೀರ್ಮಾನ ಬೇರೆಯೇ ಆಗಿತ್ತು. ಇನ್ನು ಮುಂದೆ ಡ್ರೈವರು ದಿನಾ ನಿಜವಾಗಿಯೇ ನಡೆಯಬೇಕು, ಶಾಲೆಯ ಮೈದಾನದ ಸುತ್ತ. ಹೆಂಡತಿಯೂ ಹೊಸ ಬಿಳಿ ಶೂ ಕೊಂಡು ಜೊತೆಗೆ ಹೊರಟರು. ಪ್ರತಿ ಭಾನುವಾರ ತಮ್ಮ ಬಂದು, ಊಟಕ್ಕೆ ಮುಂಚೆ ಶೂಗಳ ಅಡಿ ಪರೀಕ್ಷಿಸಬೇಕು. ಈ ಕೆಲಸಕ್ಕೆಂದು ಅವನು ಅಂಗಡಿಯಿಂದ ಟೈರಿನ ಗೆರೆ ಅಳೆಯುವ ಕಡ್ಡಿಯನ್ನೇ ತರುತ್ತಿದ್ದ.

ಎರಡು ತಿಂಗಳ ನಂತರದ ಒಂದು ಭಾನುವಾರ ಅವನು ಭಾವನ ಶೂ ಅಳೆದು, "ಭೇಷ್ ಭಾವ, ಹಿಮ್ಮಡಿ ಒಳ್ಳೆ ಸವೆದಿದೆ" ಎಂದ. ಆಮೇಲೆ ಪಕ್ಕದಲ್ಲಿದ್ದ ಅಕ್ಕನ ಶೂ ತಿರುವಿದ. ಉಗುರು ಓಡಿಸಿದ. ಕಡ್ಡಿ ಇಟ್ಟ. ಕಡ್ಡಿಯನ್ನು ಒರೆಸಿ ಮತ್ತೆ ಇಟ್ಟ.

"ಅಕ್ಕಾ..." ಎಂದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಡ್ರೈವರು ನಿಧಾನವಾಗಿ ಎದ್ದು ಬಂದು, ಅವನ ಕೈಯಿಂದ ಆ ಶೂ ತೆಗೆದುಕೊಂಡು, ಜಾಗಕ್ಕಿಟ್ಟರು.

"ಅವಳದು ನಿನ್ನೆ ತಂದದ್ದು" ಎಂದರು. "ಹಳೇದು ಪೂರಾ ಸವೆದುಹೋಯ್ತು."

ಸೋಮವಾರ ಬೆಳಗ್ಗೆ ಐದೂವರೆಗೆ ಇಬ್ಬರೂ ಮನೆಯಿಂದ ಹೊರಟದ್ದನ್ನು ಬೀದಿ ನೋಡಿತು. ಡ್ರೈವರು ಒಬ್ಬರೇ ಮೈದಾನಕ್ಕೆ ಮೊದಲ ಸುತ್ತು ಹಾಕಿ ಶೆಡ್ಡಿನ ಮುಂದೆ ಹಾದುಹೋಗುವಾಗ ವಾಚ್‌ಮನ್ ಬಾಯಿ ತೆರೆದ. ಅವರು ತುಟಿಗೆ ಬೆರಳಿಟ್ಟು, ಬಸ್ಸಿನ ಕೊನೆಯ ಕಿಟಕಿಯತ್ತ ಸನ್ನೆ ಮಾಡಿ, ಹೆಜ್ಜೆ ಸದ್ದಾಗದಂತೆ ಮುಂದಕ್ಕೆ ನಡೆದರು.